ಸಮುದ್ರ ಇಳಿದ ಮೇಲೆ ಬರುತ್ತೇನೆ

ಮಾನ್ವಿ
೧೨ ಡಿಸೆಂಬರ್ ೧೯೪೮

ಚಿರಂಜೀವಿ ಕನಕಮ್ಮಳಿಗೆ ಅಪ್ಪ ಜಂಬಣ್ಣ ಮಾಸ್ತರನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ. ನಿನ್ನ ಅವ್ವ ನನಗಿಂತ ಹೆಚ್ಚು ಕ್ಷೇಮ, ಯಾಕೆಂದರೆ ದಿನವಿಡೀ ಯಾರನ್ನಾದರೂ ಸೋಲಿಸುತ್ತಲೇ ಇರುತ್ತಾಳೆ. ಮನೆಯಲ್ಲಿ ಸೋಲಲಿಕ್ಕೆ ಬೇರೆ ಯಾರೂ ಇಲ್ಲದ ಕಾರಣ ಆ ಹುದ್ದೆಯನ್ನು ನಾನೇ ನಿಭಾಯಿಸುತ್ತಿದ್ದೇನೆ.

ಮುಖ್ಯ ಸಮಾಚಾರವೆಂದರೆ ನಿನ್ನ ಕೂಸಿನ ಕಂಬಳಿ ಸಿದ್ಧವಾಗಿದೆ. ಮರಿಗಳ ಮೊದಲ ಉಣ್ಣೆಯನ್ನು ಅವ್ವ ತಾನೇ ಹಿಂಜಿ, ತಾನೇ ನೂತು, ಆಮೇಲೆ ನೇಯುವವನ ಎದುರಿಗೆ ಕುಳಿತು, ಅವನ ಕಣ್ಣಲ್ಲಿ ನೀರು ಬರುವವರೆಗೆ ತಪ್ಪು ತೆಗೆದು ನೇಯಿಸಿದ್ದಾಳೆ. ನಮ್ಮ ಮನೆತನದ ರೀತಿ ನಿನಗೆ ಗೊತ್ತೇ ಇದೆ. ಮಗಳ ಚೊಚ್ಚಲ ಕೂಸನ್ನು ತಾಯಿಯ ತಾಯಿ ತನ್ನ ಕೈಯಾರೆ ಕಂಬಳಿಯ ಮೇಲೆ ಮಲಗಿಸಬೇಕು. ಅಲ್ಲಿಯವರೆಗೆ ಅದು ಹಳೇ ಸೀರೆಯ ಮೇಲೆ ಮಲಗಿರುವ ಬಾಡಿಗೆಯ ಕೂಸು. ರೂಢಿಯಂತಾದರೆ ಭಾದ್ರಪದದಲ್ಲಿ ನೀನು ಹೆರಿಗೆಗೆ ಇಲ್ಲಿಗೆ ಬರಬೇಕಾಗಿತ್ತು. ನಿಮ್ಮಿಬ್ಬರ ಹಟ ಸಡಿಲುವ ಮೊದಲೇ ಭಾರತದ ದಂಡು ಬಂತು, ರೈಲು ನಿಂತವು, ನಿಜಾಮರ ಆಳ್ವಿಕೆ ಹೋಯಿತು. ಅಂಥ ಗದ್ದಲದಲ್ಲಿ ನಿನ್ನ ಮಗ ಮುಂಬಯಿ ಬಂದರಿನ ಆಚೆ ದಂಡೆಯಲ್ಲೇ, ಯಾವ ಸರ್ಕಾರದ ಅಪ್ಪಣೆಯನ್ನೂ ಕಾಯದೆ ಹುಟ್ಟಿಬಿಟ್ಟ.

ಈಗ ತೊಡಕು ಬಂದಿದೆ. ಬಂದರಿನ ದೀಪ ಕಾಯುವ ಅಯ್ಯಣ್ಣನನ್ನು ನೀನು ಮದುವೆಯಾದಾಗ ಅವ್ವ ಏನೆಂದಳು? "ನೀರು ದಾಟಿ ಹೋಗೋ ಮನಿಯಾಗ ನಾ ಕಾಲಿಡಂಗಿಲ್ಲ" ಎಂದಳು. ನೀನೇನು ಕಡಿಮೆ? "ನೀ ನನ್ನ ಮನಿಗೆ ಬರೋತನಕ ನಾನೂ ಮಾನ್ವಿಗೆ ಬರಂಗಿಲ್ಲ" ಎಂದೆ. ಅಂದಿನಿಂದ ನಿಮ್ಮಿಬ್ಬರ ನಡುವೆ ನಾನು ಅಂಚೆ ಇಲಾಖೆಯಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಬಡ್ತಿ ಬಂದಿಲ್ಲ.

ಆದರೂ ಕಂಬಳಿ ಮುಗಿದ ದಿನ ಅವ್ವ ತಾನಾಗಿಯೇ ಕೇಳಿದಳು.

"ಆ ಹೊಳಿ ಎಷ್ಟು ಅಗಲ ಅದರೀ?"

"ಹೊಳಿ ಅಲ್ಲ, ಸಮುದ್ರ."

"ಏನರ ಇರ್ಲಿ. ಬ್ಯಾಸಿಗ್ಯಾಗ ಹೋಗ್ತೀನಿ. ನೀರು ಇಳಿದ ಮ್ಯಾಲ ನಡಕೊಂತ ದಾಟ್ತೀನಿ."

ಸಮುದ್ರ ಬತ್ತುವುದಿಲ್ಲ ಎಂದು ನಾನು ಶಾಲೆಯ ನಕಾಶೆ ತಂದು ತೋರಿಸಿದೆ. ಪಕ್ಕದ ಮನೆಯ ರಂಜಾನಬಿ ಕುಟ್ಟುವುದನ್ನು ಬಿಟ್ಟು ಬಂದು ನಕಾಶೆ ನೋಡಿ, "ಮಾಸ್ತರ್, ಸಮುದ್ರ ನೀವು ಕಣ್ಣಿಲೆ ನೋಡೀರೇನು?" ಎಂದಳು. ನೋಡಿಲ್ಲ ಎಂದೆ. "ಮತ್ತ?" ಎಂದಳು. ಆ ಒಂದು ಮಾತಿಗೆ ನನ್ನ ಭೂಗೋಳವೆಲ್ಲ ಮುಗಿಯಿತು. ದೇವದುರ್ಗದ ಕಡೆ ಬೇಸಿಗೆಯಲ್ಲಿ ಕೃಷ್ಣೆ ಮೊಣಕಾಲಿಗೆ ಇಳಿಯುತ್ತಾಳೆ, ಕುರಿಗಳೂ ನಡೆದೇ ದಾಟುತ್ತವೆ. ಕೃಷ್ಣೆಯಂಥ ದೊಡ್ಡವಳೇ ಜನರ ಕಷ್ಟ ನೋಡಿ ತಗ್ಗುವಾಗ ಸಮುದ್ರಕ್ಕೆ ಅಷ್ಟು ಸೊಕ್ಕು ಯಾಕೆ ಎಂಬುದು ಇವರಿಬ್ಬರ ವಾದ.

ನೀನೇ ಏನಾದರೂ ಬರೆ.

ಸೋತು ಸೋತು ಪಳಗಿದ ನಿನ್ನ ಅಪ್ಪ,
ಜಂಬಣ್ಣ


ಮುಂಬಯಿ, ಬಂದರಿನ ಆಚೆ ದಂಡೆ
೩ ಜನವರಿ ೧೯೪೯

ತೀರ್ಥರೂಪ ಅಪ್ಪನವರಿಗೆ ಕನಕಮ್ಮಳ ನಮಸ್ಕಾರ.

ನಿಮ್ಮ ಕಾಗದ ಬಂತು. ಓದುವಾಗ ನಿಮ್ಮ ಮೊಮ್ಮಗ ಅದರ ಒಂದು ಮೂಲೆಯನ್ನು ತಿಂದ. ಅವನಿಗೆ ಅವನ ಮುತ್ತಜ್ಜನ ಹೆಸರು, ಮೂಕಪ್ಪ ಎಂದು ಇಟ್ಟಿದ್ದೇವೆ. ಅವನ ಅಳು ಕೇಳಿ ಹಡಗಿನವರು ದಾರಿ ತಿದ್ದಿಕೊಳ್ಳುತ್ತಾರೆ ಎಂದು ನಿಮ್ಮ ಅಳಿಯ ಹೇಳುತ್ತಾರೆ. ಸಂಜೆ ದೀಪ ಹಚ್ಚದಿದ್ದರೂ ನಡೆದೀತು ಎಂದು ನಾನು ಹೇಳಿದೆ.

ಕಂಬಳಿಯ ಮಾತು. ಅದನ್ನು ಅಂಚೆಯಲ್ಲಿ ಕಳಿಸಿದರೆ ತಿರುಗಿ ಕಳಿಸುತ್ತೇನೆ. ನೀವೊಬ್ಬರೇ ಹೊತ್ತು ತಂದರೆ ನಿಮಗೆ ಹೊಟ್ಟೆ ತುಂಬ ಊಟ ಹಾಕಿ, ನಿಮ್ಮನ್ನೂ ಕಂಬಳಿಯನ್ನೂ ಕೂಡಿಯೇ ತಿರುಗಿ ಕಳಿಸುತ್ತೇನೆ. ತರಬೇಕಾದವರು ತರಬೇಕು. ಇಷ್ಟನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ.

ಸಮುದ್ರ ಯಾವ ಬೇಸಿಗೆಗೂ ಬತ್ತುವುದಿಲ್ಲ. ಇದನ್ನೂ ಓದಿ ಹೇಳಿ.

ಇನ್ನು ಮುಂದಿನದನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ. ಈ ಸಮುದ್ರ ದಿನಕ್ಕೆ ಎರಡು ಸಲ ಹಿಂದೆ ಸರಿಯುತ್ತದೆ. ದಂಡೆಯ ಹತ್ತಿರ ಕೆಸರು ಕಾಣುತ್ತದೆ, ಮೀನುಗಾರರು ಅದರಲ್ಲಿ ನಡೆದಾಡುತ್ತಾರೆ. ನಡುವೆ ಮಾತ್ರ ರಾಯಚೂರಿನ ಕೋಟೆಯೇ ಮುಳುಗುವಷ್ಟು ನೀರು ಯಾವಾಗಲೂ ಇರುತ್ತದೆ. ಸರಿಯುವ ಸುದ್ದಿ ಅವ್ವನ ಕಿವಿಗೆ ಬಿದ್ದರೆ ನಡುವಿನ ಸುದ್ದಿ ಅವಳಿಗೆ ಕೇಳಿಸುವುದಿಲ್ಲ.

ಅವಳು ನೀರಿಗೆ ಯಾಕೆ ಅಂಜುತ್ತಾಳೆ ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಸೋದರಮಾವನ ಮುಖ ನನಗೂ ನೆನಪಿದೆ. ಆದರೂ ಅವಳೇ ಬರಬೇಕು.

ನಿಮ್ಮ ಮಗಳು,
ಕನಕಮ್ಮ


ಮಾನ್ವಿ
೨೦ ಫೆಬ್ರವರಿ ೧೯೪೯

ಚಿರಂಜೀವಿ ಕನಕಮ್ಮಳಿಗೆ,

ಮಾಸ್ತರನಾದವನು ಗಟ್ಟಿಯಾಗಿ ಓದಲು ಶುರು ಮಾಡಿದರೆ ಪಾಠ ಮುಗಿಯುವವರೆಗೆ ನಿಲ್ಲಿಸಲಾರ. ಇದು ವೃತ್ತಿಯ ದೋಷ, ವ್ಯಕ್ತಿಯ ದೋಷವಲ್ಲ. "ಮನಸ್ಸಿನಲ್ಲೇ ಓದಿಕೊಳ್ಳಿ" ಎಂಬುದನ್ನೂ ನಾನು ಬಹಳ ಸ್ಪಷ್ಟವಾದ ಉಚ್ಚಾರದಲ್ಲಿ ಓದಿದೆ.

ಅವ್ವ ಎದ್ದು ನಿಂತಳು. "ದಿನಾ ಎರಡು ಸಲ ಇಳಿತದಂತ. ಕೇಳಿದ್ರ್ಯಾ?" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ರಂಜಾನಬಿ ಬಂದಳು, ಎದುರು ಮನೆಯ ಕರೆಮ್ಮ ಬಂದಳು. ಕೃಷ್ಣೆ ವರ್ಷಕ್ಕೊಮ್ಮೆ ಮಾಡುವ ಉಪಕಾರವನ್ನು ಸಮುದ್ರ ದಿನಕ್ಕೆ ಎರಡು ಸಲ ಮಾಡುತ್ತದೆಯೆಂದೂ, ಇಂಥ ಸಂಭಾವಿತ ನೀರಿನ ಮೇಲೆ ಮಾಸ್ತರ ಇಷ್ಟು ದಿನ ಸುಳ್ಳು ಹೇಳುತ್ತ ಬಂದನೆಂದೂ ಮೂವರೂ ಒಮ್ಮತದಿಂದ ತೀರ್ಮಾನಿಸಿದರು. ಮೂವರೂ ಮುಂಬಯಿಗೆ ಹೋಗುವುದೆಂದು ಅಲ್ಲೇ ನಿರ್ಧಾರವಾಯಿತು.

ಹೋಗುವ ಮುನ್ನ ಒಂದು ತಾಲೀಮು ಇರಲಿ ಎಂದು ನಾನು ಅವರನ್ನು ದೇವದುರ್ಗದ ಆಚೆ ಹೊಳೆದಂಡೆಗೆ ಕರೆದುಕೊಂಡು ಹೋದೆ. ಕರೆದುಕೊಂಡು ಹೋದೆ ಎಂದು ಬರೆಯುತ್ತೇನೆ, ನಿಜವೆಂದರೆ ಹಿಂಬಾಲಿಸಿದೆ. ಗುಡ್ಡದ ಕುರುಚಲಿನಲ್ಲಿ ಬುತ್ತಿ ಹೊತ್ತುಕೊಂಡು ಮೂವರೂ ಆಡುಗಳಂತೆ ನಡೆದರು. ನನ್ನ ಧೋತರ ಒಂದು ಜಾಲಿ ಗಿಡದ ಜೊತೆ ದೀರ್ಘ ಮಾತುಕತೆ ನಡೆಸಿ ಅರ್ಧವನ್ನು ಅಲ್ಲೇ ಬಿಟ್ಟುಬಂತು. ಹಿಂದಿರುಗಿ ನೋಡಿ ಕರೆಮ್ಮ, "ಮಾಸ್ತರ, ಎಳಕೊಂಡು ಬರ್ರಿ, ಇಲ್ಲಾಂದ್ರ ಗಿಡಾನ ಕಿತ್ತುಕೊಂಡು ಬರ್ರಿ" ಎಂದಳು.

ಹೊಳೆಯಲ್ಲಿ ಹರಗೋಲು ಸಿದ್ಧವಾಗಿತ್ತು. ರಂಜಾನಬಿ ಬಿಸ್ಮಿಲ್ಲಾ ಎಂದು ಹತ್ತಿದಳು. ಕರೆಮ್ಮ ರಂಜಾನಬಿಯ ಸೆರಗು ಹಿಡಿದು ಹತ್ತಿದಳು. ಅವ್ವ ಪಾದ ನೆನೆಯುವಷ್ಟು ನೀರಿನಲ್ಲಿ ನಿಂತಳು. ಆಚೆ ದಂಡೆಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ನಿನ್ನ ಸೋದರಮಾವ ಮಳೆಗಾಲದಲ್ಲಿ ಕುರಿ ದಾಟಿಸಲು ಇಳಿದದ್ದು ಅಲ್ಲೇ. ದಂಡೆಗೆ ಬಂದದ್ದು ಅವನ ಕೋಲು ಮಾತ್ರ.

ಹರಗೋಲಿನವನು ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಆಮೇಲೆ ಅವಳು ಬಗ್ಗಿ ಕಾಲು ತೊಳೆದುಕೊಂಡು, "ರೊಟ್ಟಿ ಆರ್ತಾವ, ಇಳೀರಿ" ಎಂದಳು. ಎಲ್ಲರೂ ಉಂಡೆವು.

ತಿರುಗಿ ಬರುವಾಗ ಗುಡ್ಡದ ನೆತ್ತಿಯ ಮೇಲೆ ಅವ್ವ ಹೇಳಿದಳು: "ಅಲ್ಲಿ ದಿನಾ ಎರಡು ಸಲ ಇಳಿತದ. ಒಂದು ಸಲ ಇಳಿದ್ರ ಸಾಕು ನನಗ."

ನಾನು ಹೂಂ ಎಂದೆ.

ಧೋತರಹೀನನಾಗಿಯೂ ಮಾನ ಉಳಿಸಿಕೊಂಡ,
ನಿನ್ನ ಅಪ್ಪ


ರಾಯಚೂರು ಸ್ಟೇಷನ್
೧೬ ಮಾರ್ಚ್ ೧೯೪೯

ಕನಕಮ್ಮ,

ಈಗಷ್ಟೇ ಮೂವರನ್ನೂ ಹೆಣ್ಣುಮಕ್ಕಳ ಡಬ್ಬಿಯಲ್ಲಿ ಕೂಡಿಸಿದೆ. ಶಾಲೆಯ ಪರೀಕ್ಷೆಗಳು ನನ್ನನ್ನು ಬಿಡಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ನೀರಿನ ಬಿಂದಿಗೆ, ಎಲ್ಲದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಅವ್ವ. ಡಬ್ಬಿಯಲ್ಲಿ ಮೊದಲೇ ಕುಳಿತಿದ್ದ ಮದ್ರಾಸಿನ ಹೆಂಗಸರು ಒಂದು ಗಳಿಗೆಯಲ್ಲಿ ನಮ್ಮವರ ಆಡಳಿತಕ್ಕೆ ಒಳಪಟ್ಟರು.

ರಂಜಾನಬಿಯ ಗಂಡ ಸತ್ತಾರ್ ಸಾಬ್ ಮತ್ತು ನಾನು ರೈಲು ಕಾಣದಾಗುವವರೆಗೆ ನಿಂತಿದ್ದೆವು. ಅವ್ವ ಕಿಟಕಿಯಿಂದ ಕೊಟ್ಟ ಕೊನೆಯ ಸಂದೇಶ: "ಎಮ್ಮಿಗೆ ಹತ್ತಿಕಾಳು ನೆನಿ ಹಾಕ್ರಿ." ಗಂಡನ ಬಗ್ಗೆ ಯಾವ ಸಂದೇಶವೂ ಇರಲಿಲ್ಲ.

ಅಳಿಯನಿಗೆ ಹೇಳು, ಮುಂಬಯಿ ಸ್ಟೇಷನ್ನಿನಲ್ಲಿ ಅವರನ್ನು ಹುಡುಕುವುದು ಬೇಡ. ಗಲಾಟೆ ಎಲ್ಲಿದೆಯೋ ಅಲ್ಲಿಗೆ ಹೋದರೆ ಸಾಕು. ಮುಂದಿನದು ನಿನ್ನ ಕೈಯಲ್ಲಿದೆ.

ಜಂಬಣ್ಣ


ಬಂದರಿನ ಆಚೆ ದಂಡೆ
೨೧ ಮಾರ್ಚ್ ೧೯೪೯

ತೀರ್ಥರೂಪ ಅಪ್ಪನವರಿಗೆ,

ಕುಳಿತುಕೊಂಡು ಓದಿ. ಸತ್ತಾರ್ ಸಾಬರನ್ನೂ ಕರೆಯಿರಿ, ಗಟ್ಟಿಯಾಗಿಯೇ ಓದಿ.

ನಿಮ್ಮ ಅಳಿಯ ಮೂವರನ್ನೂ ಟ್ರಾಮಿನಲ್ಲಿ ಲಾಂಚೆಂಬ ಯಂತ್ರದ ದೋಣಿಯ ಕಟ್ಟೆಗೆ ಕರೆತಂದಾಗ ಸಮುದ್ರ ಹಿಂದೆ ಸರಿದಿತ್ತು. ನಮ್ಮ ನಸೀಬಿಗೆ ಆಗಲೇ ಸರಿಯಬೇಕೇ? ಕಣ್ಣು ಹೋದಷ್ಟು ದೂರ ಕೆಸರು. ಅವ್ವ ಕಟ್ಟೆಯ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಅಳಿಯನಿಗೆ, "ನಿಮ್ಮ ಮಾವಗ ಕಾಗದ ಬರಿ. ಇಳಿದದಂತ ಬರಿ" ಎಂದಳಂತೆ. ಯಾರೂ ಹಿಡಿಯುವ ಮೊದಲೇ ಮೆಟ್ಟಿಲಿಳಿದು ನಡೆದಳಂತೆ. ಮೀನುಗಾರರ ಹೆಂಗಸರು ಮರಾಠಿಯಲ್ಲಿ ಕೂಗಿದರಂತೆ, ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳಂತೆ. ಮೊಣಕಾಲಿನವರೆಗೆ ಹೂತುಕೊಂಡ ಮೇಲೆ ನಿಂತಳು. ಒಂದು ಚಪ್ಪಲಿಯನ್ನು ಮುಂಬಯಿ ಇಟ್ಟುಕೊಂಡಿತು.

"ಇಷ್ಟು ಇಳಿದದ. ಉಳಿದದ್ದೂ ಇಳಿತದ. ಕುಂದರೂನು" ಎಂದು ಕಟ್ಟೆಗೆ ಬಂದು ಕಂಬಳಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಉಳಿದದ್ದು ಇಳಿಯಲಿಲ್ಲ. ಇಳಿದದ್ದು ತಿರುಗಿ ಬಂತು. ತಾನು ನಡೆದ ಹೆಜ್ಜೆಗಳ ಮೇಲೆ ನೀರು ಬರುವುದನ್ನು ಅವ್ವ ನೋಡಿದಳು. "ಇದಕ್ಕ ನಿಯತ್ತಿಲ್ಲ" ಎಂದಳಂತೆ. ಹೋಗುವ ಲಾಂಚುಗಳೆಲ್ಲ ಹೋದವು, ಅವಳು ಏಳಲಿಲ್ಲ. ಕೊನೆಗೆ, "ನಾ ಊರಿಗೆ ಹೊಳ್ಳಿ ಹೋಗ್ತೀನಪ್ಪ. ಕಂಬಳಿ ನೀ ಒಯ್ಯಿ" ಎಂದಳಂತೆ.

ಆಗ ನಮ್ಮ ಲಾಂಚು ಬಂತು. ಹೊತ್ತಾದರೂ ಯಾರೂ ಬಾರದ್ದನ್ನು ನೋಡಿ ನಾನೇ ಕೂಸನ್ನೆತ್ತಿಕೊಂಡು ಅದರಲ್ಲಿ ಬಂದಿದ್ದೆ.

ಅಪ್ಪ, ನಾನು ಕೆಳಗಿಳಿಯಲಿಲ್ಲ. ಇಳಿದಿದ್ದರೆ ಅವಳು ಅಲ್ಲೇ ಕಟ್ಟೆಯ ಮೇಲೆ ಕೂಸನ್ನು ಕಂಬಳಿಯಲ್ಲಿ ಮಲಗಿಸಿ ರೈಲು ಹತ್ತಿಬಿಡುತ್ತಿದ್ದಳು. ಅವಳು ಮೇಲೆ, ನಾನು ಕೆಳಗೆ, ನಡುವೆ ಒಂದು ಮೊಳದಷ್ಟು ನೀರು. ಒಬ್ಬರನ್ನೊಬ್ಬರು ನೋಡಿದೆವು. ಅವಳ ತಲೆ ಅಷ್ಟು ಹಣ್ಣಾಗಿದೆ ಎಂದು ನೀವು ಬರೆದಿರಲಿಲ್ಲ. ಅವಳೂ ನನ್ನ ಬಗ್ಗೆ ಏನೋ ಹಾಗೆಯೇ ಅಂದುಕೊಂಡಿರಬೇಕು.

ರಂಜಾನಬಿ, ಕರೆಮ್ಮ ಹತ್ತಿದರು. ಅವ್ವ ಹತ್ತಲಿಲ್ಲ.

ನಮ್ಮ ಕಡೆ ಹೊಳೆ ದಾಟಿಸುವಾಗ ತಾಯಿ ಕುರಿಯನ್ನು ಯಾರಾದರೂ ಎಳೆಯುತ್ತಾರೆಯೇ? ಮರಿಯನ್ನು ಹರಗೋಲಿನಲ್ಲಿಟ್ಟು ಅದು ಕೂಗುವವರೆಗೆ ಕಾಯುತ್ತಾರೆ. ಇದನ್ನು ನನಗೆ ಕಲಿಸಿದವಳು ಅವ್ವನೇ. ನಾನು ಮೂಕಪ್ಪನನ್ನು ಒಂದು ತೋಳಿನ ಮೇಲೆ ಅಡ್ಡಾದಿಡ್ಡಿಯಾಗಿ ಹಾಕಿಕೊಂಡೆ. ತಲೆ ಒಂದು ಕಡೆ, ಕಾಲು ಒಂದು ಕಡೆ. ಅವನು ತನ್ನ ಹೆಸರಿಗೆ ಮಸಿ ಬಳಿಯುವಂತೆ ಕಿರುಚಿದ.

ಅವ್ವ ಎದ್ದಳು. "ಕೂಸಿನ ಕುತಿಗಿ ಹಿಡಿ."

ನಾನು ಅವನ ಕಾಲು ಹಿಡಿದೆ.

"ಕುತಿಗಿ ಅಂದೆ, ಕಾಲಲ್ಲ. ಲೇ ಕನಕಿ, ಯಾರು ಕಲಿಸಿದ್ರು ನಿನಗ ಕೂಸು ಹಿಡಿಯೋದು?"

"ಕಲಿಸೋರು ಬರಲಿಲ್ಲಲ್ಲ" ಎಂದೆ. ಅದು ತಂತ್ರಕ್ಕೆ ಆಡಿದ ಮಾತಲ್ಲ, ಹೊರಗೆ ಬಂದುಬಿಟ್ಟಿತು. ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳಲು ಹೋದೆ, ಕೂಸು ನಿಜವಾಗಿಯೂ ಸ್ವಲ್ಪ ಜಾರಿತು.

ಅವ್ವ ನನ್ನೆದುರಿಗೆ ಇದ್ದಳು. ಹೇಗೆ ಬಂದಳೆಂದು ನಾನು ನೋಡಲಿಲ್ಲ, ಯಾರೂ ನೋಡಲಿಲ್ಲ. ಕೂಸನ್ನು ಕಸಿದುಕೊಂಡು ಹೆಗಲಿಗೆ ಹಾಕಿ, "ಹಿಂಗ ಹಿಡೀಬೇಕು, ಹಿಂಗ" ಎನ್ನುತ್ತಿದ್ದಳು. ಲಾಂಚಿನವನು ಹಗ್ಗ ಬಿಚ್ಚಿದ. ಎಷ್ಟೋ ದೂರ ಹೋದ ಮೇಲೆ ರಂಜಾನಬಿ, "ಬಂಡೆಮ್ಮ, ನೀ ನೀರಿನ ಮ್ಯಾಲ ಇದ್ದೀ" ಎಂದಳು.

ಅವ್ವ ಸುತ್ತ ನೋಡಿದಳು. ಅಳಿಯನ ಕೈಯಿಂದ ಕಂಬಳಿ ಇಸಿದುಕೊಂಡು, ಬಿಚ್ಚಿ ತೊಡೆಯ ಮೇಲೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿ, ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದಳು. ಮೂಕಪ್ಪ ಸುಮ್ಮನಾದ. ಅಷ್ಟೂ ತಿಂಗಳಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಕೆಲಸ ಮುಗೀತಲ್ಲ. ಹೊಳ್ಳಿ ಹೋಗೂನೇನು?" ಎಂದು ಕರೆಮ್ಮ ಕೆಣಕಿದಳು.

ಅವ್ವ ಕಣ್ಣು ಬಿಡದೆ, "ಕೂಸು ಯಾವ ಕಡಿ ಹೊಂಟದೋ ಆ ಕಡಿ ನಡಿ" ಎಂದಳು.

ಒಂದು ದೊಡ್ಡ ಹಡಗು ಒಳಗೆ ಬರುತ್ತಿದ್ದುದರಿಂದ ಲಾಂಚಿನವನು ಸುತ್ತು ಹೊಡೆದ. ಆ ಪುಣ್ಯಕ್ಕೆ ಬಂದರೆಲ್ಲ ನೋಡಿದಂತಾಯಿತು. ಅವ್ವ ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ಎರಡನ್ನೂ. ಭಾರ ಎತ್ತುವ ಯಂತ್ರಗಳನ್ನು ನೋಡಿ ರಂಜಾನಬಿ ಇಷ್ಟು ಏತಗಳಿಂದ ಯಾವ ಹೊಲಕ್ಕೆ ನೀರು ಎಂದು ಕೇಳಿದಳು. ಹಡಗು ಪಕ್ಕದಲ್ಲೇ ಹೋದಾಗ ಅದರ ಮೇಲಿನ ಬಿಳಿಯ ದೊರೆಯೊಬ್ಬ ಟೋಪಿ ಎತ್ತಿದ. ಕರೆಮ್ಮ ಅವನಿಗೆ ಒಂದು ರೊಟ್ಟಿ ಎತ್ತಿ ತೋರಿಸಿದಳು.

ಮನೆ ತಲುಪಿದೆವು. ಅವ್ವ ಹೊಸ್ತಿಲು ದಾಟಲಿಲ್ಲ. ಆಡಿದ ಮಾತು ಆಡಿದ್ದೇ. ಅಂಗಳದಲ್ಲೇ ಉಂಡಳು, ಅಂಗಳದಲ್ಲೇ ಮಲಗಿದಳು. ಒಳಗೆ ಸೆಕೆ ಎಂದಳು. ನಾನೂ ಸೆಕೆಯೇ ಎಂದೆ.

ಮರುದಿನ ಮನೆಯ ಹಿಂದಿನ ಗುಡ್ಡಕ್ಕೆ ಹೊರಟೆವು. ಆ ದಾರಿ ಹೆಂಗಸರಿಗೆ ಕಷ್ಟ ಎಂದು ನೆರೆಯವರು ಹೇಳಿದರು. ಅವ್ವ ಕೂಸನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ದಾರಿಯಲ್ಲಿ ಒಂದು ಕೋಲು ಮುರಿದುಕೊಂಡು ಮುಂದೆ ನಡೆದಳು. ಹಿಂದೆ ರಂಜಾನಬಿ, ಕರೆಮ್ಮ, ನೆರೆಯ ಇಬ್ಬರು ಹೆಂಗಸರು, ಎಲ್ಲರ ಹಿಂದೆ ಏದುಸಿರು ಬಿಡುತ್ತ ನಾನು. ಕಾರೆ ಕಂಟಿಯಲ್ಲಿ ದಾರಿ ತಪ್ಪಿದಾಗ ಆಡಿನ ಹಿಕ್ಕೆ ನೋಡಿ ದಾರಿ ಕಂಡುಹಿಡಿದಳು. ಮುಳ್ಳು ಹೆಟ್ಟಿದ ನೆರೆಯವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಭಾಷೆ ಒಂದಕ್ಷರ ಬಾರದೆಯೂ, ಅವಳ ಸಂಸಾರದ ವಿಚಾರವೆಲ್ಲ ತಿಳಿದುಕೊಂಡು ಮುಳ್ಳು ತೆಗೆದಳು.

ನೆತ್ತಿಯ ಮೇಲೆ ಬುತ್ತಿ ಬಿಚ್ಚಿದೆವು. ಕೆಳಗೆ ಇಡೀ ಬಂದರು ಕಾಣುತ್ತಿತ್ತು. ಲಂಗರು ಹಾಕಿದ ಹಡಗುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಅವ್ವ ರೊಟ್ಟಿ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು.

"ಮಧ್ಯಾಹ್ನದಾಗ ಹಿಂಡು ನಿಂತಂಗ ನಿಂತಾವ" ಎಂದಳು. ಆಮೇಲೆ ಕೇಳಿದಳು: "ಇವನ್ನ ಕಾಯೋರು ಯಾರು?"

"ನಿನ್ನ ಅಳಿಯ" ಎಂದೆ. "ಕತ್ತಲಾದ ಮ್ಯಾಲ ಎಲ್ಲಿ ಕಲ್ಲದ, ಎಲ್ಲಿ ದಾರಿ ಅದ ಅಂತ ದೀಪ ತೋರಸ್ತಾರ. ಯಾವುದೂ ನೀರು ಪಾಲಾಗಬಾರದಲ್ಲ."

ಅವ್ವ ರೊಟ್ಟಿ ಕೆಳಗಿಟ್ಟಳು. ಆಮೇಲೆ ಕರೆಮ್ಮನ ಕಡೆ ತಿರುಗಿ ಹೇಳಿದಳು: "ಹಂಗಾದ್ರ ಇದು ನಮ್ಮ ಕಸಬೇ ಅದ."

ಗುಡ್ಡ ಇಳಿದು ಬಂದ ಮೇಲೆ ನಾನು ಹಿತ್ತಲಿನಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗೆ ಪಾತ್ರೆಗಳ ಸದ್ದಾಯಿತು. ಹೋಗಿ ನೋಡಿದರೆ ಅವ್ವ ನನ್ನ ಒಲೆಯ ಮುಂದೆ ಕುಳಿತು, "ಹಿಟ್ಟು ಎಲ್ಲಿ ಇಟ್ಟೀದಿ? ನಿನ್ನ ಗಂಡ ದೀಪಕ್ಕ ಹೋಗೋ ಹೊತ್ತಾತು, ಉಣ್ಣದ ಹೋಗ್ತಾನೇನು?" ಎಂದು ಗದರಿಸಿದಳು. ಹಿಟ್ಟು ತೋರಿಸಿದೆ. ಬೇರೆ ಏನನ್ನೂ ನಾನು ಆಡಲಿಲ್ಲ, ನೀವೂ ಕಾಗದದಲ್ಲಿ ಆಡಬೇಡಿ.

ನಿಮ್ಮ ಮಗಳು,
ಕನಕಮ್ಮ


ಮಾನ್ವಿ
೨೯ ಮಾರ್ಚ್ ೧೯೪೯

ಚಿರಂಜೀವಿ ಕನಕಮ್ಮಳಿಗೆ,

ಸತ್ತಾರ್ ಸಾಬರು ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿಸಿಕೊಂಡರು. ಕೊನೆಯ ಸಲ ಓದುವಾಗ ನನ್ನ ಕನ್ನಡಕದಲ್ಲಿ ಏನೋ ತೊಂದರೆಯಾಗಿ ಅಕ್ಷರಗಳು ಮಂಜಾದವು. ಅವರ ಕನ್ನಡಕವನ್ನು ಕೇಳಿದೆ, ಅದರಲ್ಲೂ ಅದೇ ತೊಂದರೆ ಇತ್ತು.

ಇಲ್ಲಿಯ ಆಡಳಿತ ಕುಸಿದಿದೆ. ನಾವಿಬ್ಬರು ಗಂಡಸರು ಕೂಡಿ ಅಡುಗೆ ಮಾಡುತ್ತಿದ್ದೇವೆ. ನಿನ್ನೆಯ ಸಾರನ್ನು ಎಮ್ಮೆಗೆ ಇಟ್ಟೆವು. ಅದು ನಮ್ಮನ್ನು ನೋಡಿದ ರೀತಿಯನ್ನು ನಾನು ಬಹುಕಾಲ ಮರೆಯಲಾರೆ. ನಿನ್ನ ಅವ್ವನಿಗೆ ತಿರುಗಿ ಬರುವ ಅಂದಾಜು ಏನಾದರೂ ಇದೆಯೋ, ಅಥವಾ ಬಂದರನ್ನೇ ಗುತ್ತಿಗೆ ಹಿಡಿದಳೋ? ತಿಳಿಸುವುದು.

ಒಂದು ಮಾತು ಆಡಬೇಡಿ ಎಂದು ಬರೆದಿದ್ದೀಯ. ಆಡಿಲ್ಲ.

ಅಪ್ಪ


ಬಂದರಿನ ಆಚೆ ದಂಡೆ
೬ ಏಪ್ರಿಲ್ ೧೯೪೯

ಅಪ್ಪನವರಿಗೆ ನಮಸ್ಕಾರ. ಇದರಲ್ಲಿ ನನ್ನದೇನೂ ಇಲ್ಲ. ಅವ್ವ ಹೇಳಿದ ಹಾಗೆ ಬರೆದಿದ್ದೇನೆ, ನನ್ನ ರೊಟ್ಟಿಯ ಬಗ್ಗೆ ಹೇಳಿದ್ದನ್ನು ಮಾತ್ರ ಬಿಟ್ಟಿದ್ದೇನೆ. — ಕನಕ

ಮಾಸ್ತರ,

ಸಮುದ್ರ ಇಳಿಯಂಗಿಲ್ಲ ಅಂದಿದ್ರಿ. ಅರ್ಧ ಇಳಿತದ. ನಾ ಕಾಲಿಲೆ ನೋಡೀನಿ. ಇನ್ನ ಮ್ಯಾಲ ಶಾಲ್ಯಾಗ ಹುಡುಗರಿಗೆ ಅರ್ಧ ಅಂತ ಹೇಳಿಕೊಡ್ರಿ.

ಲಾಂಚಿನ್ಯಾಗ ಮೊನ್ನೆನೂ ಹೋಗಿದ್ದೆ, ನಿನ್ನೆನೂ ಹೋಗಿದ್ದೆ. ಕಣ್ಣು ಮುಚ್ಚಲಿಲ್ಲ. ಗುಲ್ಬರ್ಗಾ ಕಡಿಯಾಕಿ ಒಬ್ಬಾಕಿ ಅಂಜಿ ಅಳಾಕತ್ತಿದ್ಲು. ಆಕಿನ್ನ ಬಾಜೂಕ ಕೂಡಿಸಿಕೊಂಡು ಯಾವ ಹಡಗ ಎಲ್ಲೀದು ಅಂತ ಎಲ್ಲಾ ಹೇಳಿದೆ. ನನಗ ಗೊತ್ತಿರಲಿಲ್ಲ, ಆದರೂ ಹೇಳಿದೆ. ಆಕಿ ಅಳೋದು ಬಿಟ್ಲು.

ಅಳಿಯ ದೀಪದ ಮನಿಗೆ ಕರಕೊಂಡು ಹೋಗಿದ್ದ. ಗಾಜು ಒರಸಾಕ ಕೊಟ್ಟ. ಒರಸಿದೆ. ನಮ್ಮ ಅಣ್ಣನ ಹೆಸರು ಹೇಳಿ ಒರಸಿದೆ.

ಬರೂ ವಾರ ಹೊಂಟೀವಿ. ಕನಕಿನೂ ಬರಾಕತ್ತಾಳ, ಕೂಸು ಕಟ್ಟಿಗೊಂಡು. ನಾ ಬಾ ಅಂದಿಲ್ಲ, ಆಕಿ ಬರ್ತೀನಿ ಅಂದಿಲ್ಲ. ಗಂಟು ಕಟ್ಟಾಕತ್ತಾಳ. ನಾ ನೋಡಲಾರದಂಗ ಕುಂತೀನಿ. ಇದನ್ನೂ ಬರೀತಾಳೋ ಇಲ್ಲೋ ಗೊತ್ತಿಲ್ಲ.

(ಬರೆದಿದ್ದೇನೆ. — ಕ.)

ರಾಯಚೂರು ಟೇಶನ್ನಿಗೆ ಎರಡು ಬಂಡಿ ತರ್ರಿ. ಒಂದು ನಮಗ. ಇನ್ನೊಂದರಾಗ ನಮ್ಮ ಓಣಿ ಹೆಣ್ಣುಮಕ್ಕಳನ್ನ ತುಂಬಿಕೊಂಡು ಬರ್ರಿ, ಎರಡೂ ಬಂಡಿ ಜೋಡೀಲೆ ನಡೀಲಿ. ಗಾಡಿಯವಗ ಎತ್ತು ಓಡಸಬ್ಯಾಡ ಅಂತ ಮೊದಲ ಹೇಳಿಡ್ರಿ. ಮಾನ್ವಿ ಬರೋದರಾಗ ನಾ ಸಮುದ್ರ ಹೇಳಿ ಮುಗಸಬೇಕು.

ಬಂಡೆಮ್ಮನ ಹೆಬ್ಬೆಟ್ಟು